ಹೊಸ ಟ್ಯಾಟೂ, ಹೊಸ ಮೂಗುತಿ: ಗಾಯ ಮಾಯುವವರೆಗೆ ನೋಡಿಕೊಳ್ಳುವುದು ಹೇಗೆ

ನನ್ನ ಎಡ ಮುಂಗೈ ಮೇಲೆ ಒಂದು ನವಿಲು ಇದೆ. ಅದರ ಗರಿಯ ನಡುವೆ ಅಕ್ಕಿಕಾಳಿನಷ್ಟು ಜಾಗ ಖಾಲಿ. ಟ್ಯಾಟೂ ಹಾಕಿದವರ ತಪ್ಪಲ್ಲ ಅದು. ಒಂಬತ್ತನೇ ದಿನ ಬಂಗಾರಪೇಟೆ ಬಸ್ಸಲ್ಲಿ ಕೂತಿದ್ದೆ, ಅಲ್ಲೊಂದು ಹಕ್ಕಳೆ ಅಂಚು ಬಿಟ್ಟುಕೊಂಡು ಎದ್ದಿತ್ತು, ಉಗುರಲ್ಲಿ ಎತ್ತಿಬಿಟ್ಟೆ. ಅಡಿಯಲ್ಲಿ ಗುಲಾಬಿ ಬಣ್ಣದ ಹಸಿ ಚರ್ಮ, ಬೆರಳ ತುದಿಯಲ್ಲಿ ನೀಲಿ ಚೂರು. ಹಕ್ಕಳೆಯ ಜೊತೆ ಬಣ್ಣವೂ ಕಿತ್ತುಬಂದಿತ್ತು.

ನನ್ನ ಚಿಕ್ಕಮ್ಮನ ಮಗಳದ್ದು ಇನ್ನೂ ಕಷ್ಟದ ಕಥೆ. ಒಂದು ಫ್ಯಾನ್ಸಿ ಸ್ಟೋರ್‌ನಲ್ಲಿ ಕಿವಿಯ ಮೇಲಿನ ಗಟ್ಟಿ ಭಾಗಕ್ಕೆ ಗನ್‌ನಿಂದ ಚುಚ್ಚಿಸಿಕೊಂಡು ಬಂದಳು. ಮನೆಯಲ್ಲಿ ಒಬ್ಬರು ಅರಿಶಿನ ಹಚ್ಚಿದರು, ಇನ್ನೊಬ್ಬರು ಕೊಬ್ಬರಿ ಎಣ್ಣೆ, ಮತ್ತೊಬ್ಬರು ಡೆಟಾಲ್. ಎಲ್ಲರದ್ದೂ ಪ್ರೀತಿಯೇ. ಐದನೇ ದಿನಕ್ಕೆ ಕಿವಿ ಕೆಂಪಗೆ ಊದಿ ದೋಸೆ ಕಾವಲಿಯ ಹಾಗೆ ಸುಡುತ್ತಿತ್ತು, ರಾತ್ರಿ ಜ್ವರ. ಡಾಕ್ಟರ್ ಕೊಯ್ದು ಕೀವು ತೆಗೆದರು. ವಾಸಿಯಾಯಿತು, ಆದರೆ ಕಿವಿಯ ಅಂಚು ಇವತ್ತಿಗೂ ಮುದುಡಿಕೊಂಡಿದೆ.

ಕೋಲಾರದ ಹುಡುಗ ಹುಡುಗಿಯರು ಬಹಳ ಜನ ಟ್ಯಾಟೂಗೆ ಬೆಂಗಳೂರಿಗೆ ಹೋಗುತ್ತಾರೆ. ಕಿವಿ ಮೂಗಿಗೆ ಊರಿನ ಆಚಾರಿ ಅಂಗಡಿಯೇ ಆಯ್ತು. ಚುಚ್ಚೋದು ಅರ್ಧ ಗಂಟೆಯ ಕೆಲಸ, ನೋಡಿಕೊಳ್ಳೋದು ತಿಂಗಳುಗಟ್ಟಲೆ, ಅದು ಪೂರ್ತಿ ನಿಮ್ಮ ಕೈಯಲ್ಲೇ ಇದೆ. ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಇದು ಗಾಯ ಅಂತ ಒಪ್ಪಿಕೊಳ್ಳಿ

ಟ್ಯಾಟೂ ಸೂಜಿ ಚರ್ಮದ ಮೇಲ್ಪದರ ದಾಟಿ, ಸುಮಾರು 1ರಿಂದ 2 ಮಿ.ಮೀ. ಆಳದಲ್ಲಿ, ಎರಡನೇ ಪದರದೊಳಗೆ ಬಣ್ಣ ಇಳಿಸುತ್ತದೆ. ಒಂದು ಸಲ ಅಲ್ಲ, ಸಾವಿರಾರು ಸಲ. ಅಲ್ಲಿರುವ ನಮ್ಮ ಮೈಯ ಕಾವಲು ಕಣಗಳು ಆ ಬಣ್ಣವನ್ನು ನುಂಗಿ ಹಿಡಿದಿಟ್ಟುಕೊಳ್ಳುತ್ತವೆ, ಹಚ್ಚೆ ಅಳಿಸದೆ ಉಳಿಯೋದು ಅದರಿಂದಲೇ. ಮೇಲಿನ ಪದರ ಮಾತ್ರ ಉದುರಿ ಹೊಸದಾಗಿ ಬರಬೇಕು. ಕಿವಿ ಮೂಗಿನದು ಬೇರೆ ಥರ. ತೂತಿನ ಎರಡೂ ಬಾಯಿಯಿಂದ ಹೊಸ ಚರ್ಮ ಒಳಗೊಳಗೆ ಬೆಳೆದು, ನಡುವೆ ಬಂದು ಸೇರಿ, ಒಂದು ಸಣ್ಣ ಕೊಳವೆ ಆಗಬೇಕು. ಹೊರಗಿಂದ ನೋಡಿದರೆ ವಾಸಿಯಾದ ಹಾಗೆ ಕಾಣುತ್ತೆ, ಒಳಗೆ ಇನ್ನೂ ಹಸಿ ಇರುತ್ತೆ. ಓಲೆ ತಿರುಗಿಸಿದಾಗೆಲ್ಲ ಆ ಎಳೆ ಚರ್ಮ ಹರಿಯುತ್ತದೆ. ದಿನಾ ತಿರುಗಿಸದಿದ್ದರೆ ಅಂಟಿಕೊಳ್ಳುತ್ತೆ ಅಂತ ಹಿರಿಯರು ಹೇಳ್ತಾರಲ್ವಾ, ಆ ಒಂದು ಮಾತು ಮಾತ್ರ ಕೇಳಬೇಡಿ.

ಹಾಕಿಸಿಕೊಳ್ಳುವ ಮೊದಲೇ ನೋಡಬೇಕಾದ್ದು

ನಮ್ಮಜ್ಜಿಯ ಕೈಯಲ್ಲೂ ಹಚ್ಚೆ ಇತ್ತು. "ಸತ್ತಾಗ ಜೊತೆಗೆ ಬರೋದು ಇದೊಂದೇ ಕಣೇ" ಅನ್ನೋರು. ಒಂದೇ ಸೂಜಿಯಲ್ಲಿ ಬೀದಿಯ ಹೆಣ್ಣುಮಕ್ಕಳಿಗೆಲ್ಲ ಹಾಕಿದ್ದರಂತೆ. ಅವರ ಕಾಲಕ್ಕೆ ಹೇಗೋ ನಡೆದುಹೋಯಿತು. ಈಗ ಗೊತ್ತಿದ್ದೂ ಗೊತ್ತಿದ್ದೂ ಹಾಗೆ ಮಾಡಿಸಿಕೊಳ್ಳಬೇಡಿ. ಒಬ್ಬರ ರಕ್ತ ತಾಗಿದ ಸೂಜಿಯಿಂದ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಮೂರೂ ಬರಬಹುದು. ಜಾತ್ರೆಯಲ್ಲಿ ನೆಲದ ಮೇಲೆ ಮಿಷನ್ ಇಟ್ಟುಕೊಂಡು ಹಾಕುವವರ ಹತ್ತಿರ ಎಷ್ಟೇ ಕಡಿಮೆ ದುಡ್ಡಿಗಾದರೂ ಕೈ ಚಾಚಬೇಡಿ. ಸೂಜಿಯ ಪ್ಯಾಕೆಟ್ಟನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು. ಬಣ್ಣವನ್ನು ನಿಮಗೆ ಅಂತ ಪುಟ್ಟ ಬಟ್ಟಲಿಗೆ ಬೇರೆ ಸುರಿಯಬೇಕು, ಮಿಕ್ಕಿದ್ದನ್ನು ಬಾಟಲಿಗೆ ವಾಪಸ್ ಹಾಕಬಾರದು. ಕೈಗವಸು ಹೊಸದಾಗಿರಬೇಕು. ಕೇಳೋಕೆ ಸಂಕೋಚ ಪಡಬೇಡಿ. ಒಳ್ಳೆ ಕಲಾವಿದರು ಕೇಳಿದರೆ ಖುಷಿಪಡುತ್ತಾರೆ.

ಗನ್ ಬಗ್ಗೆ ನನ್ನ ಮಾತು ನೇರ. ಕಿವಿಯ ಹಾಲೆಗೆ ಬಿಟ್ಟರೆ ಬೇರೆಲ್ಲಿಗೂ ಬೇಡ. ಮೊಂಡಾದ ಓಲೆಯನ್ನು ಜೋರಾಗಿ ನುಗ್ಗಿಸುವ ಯಂತ್ರ ಅದು, ಕಿವಿಯ ಮೇಲಿನ ಗಟ್ಟಿ ಭಾಗದ ಎಳೆಮೂಳೆಗೆ ತೂತು ಮಾಡೋದಕ್ಕಿಂತ ಜಜ್ಜೋದೇ ಜಾಸ್ತಿ. ಪ್ಲಾಸ್ಟಿಕ್ ಗನ್ನುಗಳನ್ನು ಆಸ್ಪತ್ರೆಯ ಉಪಕರಣಗಳ ಹಾಗೆ ಹಬೆಯಲ್ಲಿ ಇಟ್ಟು ಕ್ರಿಮಿ ಕೊಲ್ಲೋಕೂ ಆಗಲ್ಲ. ಟೊಳ್ಳು ಸೂಜಿಯೇ ಒಳ್ಳೆಯದು.

ಲೋಹ ಯಾವುದು ಅಂತಲೂ ಕೇಳಿ. ಮೈಯೊಳಗೆ ಕೂರಿಸುವ ದರ್ಜೆಯ ಟೈಟಾನಿಯಂ, ಅಂದರೆ ಎಎಸ್‌ಟಿಎಂ ಎಫ್136 ಅಂತ ಬರೆದಿರುವುದು, ಎಲ್ಲಕ್ಕಿಂತ ನಿಶ್ಚಿಂತೆ. ಆಚಾರಿ ಹಾಕುವ 22 ಕ್ಯಾರೆಟ್ ಚಿನ್ನದ ತಂತಿಯಿಂದ ಅಲರ್ಜಿ ಕಡಿಮೆ, ಆದರೆ ಅದು ಮೆತ್ತಗಿರುತ್ತೆ, ಬೇಗ ಗೀರು ಬೀಳುತ್ತೆ, ಗೀರಿನಲ್ಲಿ ಕೊಳೆ ಕೂರುತ್ತೆ. ಹತ್ತು ರೂಪಾಯಿಯ ಗಿಲೀಟು ಓಲೆಯಲ್ಲಿ ನಿಕಲ್ ಇರುವ ಸಂಭವ ಹೆಚ್ಚು, ತುರಿಕೆ, ನೀರು ಸುರಿಯೋದು ಎಲ್ಲ ಅದರಿಂದಲೇ ಶುರು.

ಧನುರ್ವಾಯು ತಡೆಯುವ ಇಂಜೆಕ್ಷನ್ (ಟಿಟಿ ಅಥವಾ ಟಿಡಿ) ತಗೊಂಡು ಹತ್ತು ವರ್ಷ ದಾಟಿದ್ದರೆ ಒಂದು ಹಾಕಿಸಿಕೊಂಡು ಹೋಗಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಹೋಗಬೇಡಿ. ಬಸುರಿಯರು ಹೆರಿಗೆ ಆಗಿ, ಹಾಲು ಬಿಡಿಸುವವರೆಗೂ ಕಾಯಿರಿ. ಪುಟ್ಟ ಮಗುವಿನ ಕಿವಿಗಾದರೆ 6, 10, 14ನೇ ವಾರದ ಲಸಿಕೆಗಳು ಮುಗಿಯಲಿ. ಶಾಸ್ತ್ರ ಸ್ವಲ್ಪ ತಡವಾದರೆ ಏನೂ ಆಗಲ್ಲ.

ಊರಿಗೆ ವಾಪಸ್ ಬರುವ ದಾರಿ, ಮೊದಲ ರಾತ್ರಿ

ಬೆಂಗಳೂರಿಂದ ಕೋಲಾರ ಸುಮಾರು 70 ಕಿ.ಮೀ. ಹಸಿ ಟ್ಯಾಟೂ ಜೊತೆ ಇದೇ ಮೊದಲ ಪರೀಕ್ಷೆ. ಸ್ಟುಡಿಯೋದವರು ಸುತ್ತಿದ್ದನ್ನು ಬಸ್ಸಲ್ಲಿ ಬಿಚ್ಚಿ ಸ್ನೇಹಿತರಿಗೆ ತೋರಿಸಬೇಡಿ. ಕಿಟಕಿ ಧೂಳು, ಪಕ್ಕದವರ ಬೆವರು, ಹಿಡಿದುಕೊಳ್ಳುವ ಕಂಬಿ, ಎಲ್ಲವೂ ಹಸಿ ಗಾಯಕ್ಕೆ ತಾಗುತ್ತೆ. ಟ್ಯಾಟೂ ಇರುವ ಕೈ ಯಾರಿಗೂ ತಾಗದ ಹಾಗೆ ಕಿಟಕಿ ಪಕ್ಕ ಕೂರಿ, ಸಡಿಲವಾದ ಹತ್ತಿ ಅಂಗಿ ಹಾಕಿ.

ಅಡುಗೆ ಮನೆಯ ತೆಳು ಪ್ಲಾಸ್ಟಿಕ್ ಸುತ್ತಿದ್ದರೆ ಮನೆಗೆ ಬಂದ ಕೂಡಲೇ ತೆಗೆಯಿರಿ. ಒಳಗೆ ಬೆವರಿ ಬೇಯುತ್ತೆ, ಅದನ್ನು ಇಡೀ ರಾತ್ರಿ ಬಿಡಬಾರದು. ಸೆಕೆಂಡ್ ಸ್ಕಿನ್ ಅನ್ನುವ ಪಾರದರ್ಶಕ ಅಂಟು ಹಾಳೆ ಹಾಕಿದ್ದರೆ ಕಥೆ ಬೇರೆ, ಅವರು ಹೇಳಿದಷ್ಟು ದಿನ, ಸಾಮಾನ್ಯವಾಗಿ 3ರಿಂದ 5 ದಿನ ಬಿಡಬಹುದು. ಅದರ ಒಳಗೆ ಕಪ್ಪು ನೀರು ನಿಂತ ಹಾಗೆ ಕಂಡರೆ ಗಾಬರಿ ಬೇಡ, ಬಣ್ಣವೂ ಮೈಯಿಂದ ಒಸರಿದ ರಸವೂ ಸೇರಿರುವುದು ಅಷ್ಟೇ. ಆದರೆ ಅಂಚು ಎದ್ದು ನೀರು ಸೋರಿದರೆ ಅವತ್ತೇ ತೆಗೆಯಬೇಕು. ಒಮ್ಮೆ ಹೊರಗಿನ ದಾರಿ ತೆರೆದರೆ ಅದು ಕ್ರಿಮಿ ಸಾಕುವ ಚೀಲ ಆಗುತ್ತೆ. ಚರಕ್ಕಂತ ಎಳೆಯಬೇಡಿ. ಬೆಚ್ಚಗಿನ ನೀರು ಬಿಡುತ್ತಾ, ಚರ್ಮಕ್ಕೆ ಸಮಾನಾಂತರವಾಗಿ ಹಿಗ್ಗಿಸುತ್ತಾ ನಿಧಾನವಾಗಿ ಬಿಡಿಸಿ.

ಮೊದಲ ಎರಡು ಮೂರು ರಾತ್ರಿ ಹಾಸಿಗೆಗೆ ಹಳೆಯ, ಒಗೆದ ಹತ್ತಿ ಪಂಚೆ ಅಥವಾ ಸೀರೆ ಹಾಸಿಕೊಳ್ಳಿ. ಬೆಳಿಗ್ಗೆ ಬಟ್ಟೆ ಅಂಟಿಕೊಂಡಿದ್ದರೆ ಕಿತ್ತುಬಿಡಬೇಡಿ, ನೀರು ಹಾಕಿ ನೆನೆಸಿದರೆ ತಾನೇ ಬಿಡುತ್ತೆ.

ತೊಳೆಯುವ ಕ್ರಮ

ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಇದೆ.

ಮೊದಲು ನಿಮ್ಮ ಕೈ. ಸೋಪು ಹಾಕಿ, ಬೆರಳ ಸಂದು, ಉಗುರಿನಡಿ, 20 ಸೆಕೆಂಡಾದರೂ ಉಜ್ಜಿ. ಆಮೇಲೆ ಟ್ಯಾಟೂ ಮೇಲೆ ಉಗುರುಬೆಚ್ಚಗಿನ ನೀರು ಬಿಡಿ. ವಾಸನೆ ಇಲ್ಲದ, ಬಣ್ಣ ಇಲ್ಲದ ಸಾದಾ ಸೋಪಿನ ನೊರೆಯನ್ನು ಅಂಗೈಯಲ್ಲಿ ಮಾಡಿಕೊಂಡು ಬೆರಳ ತುದಿಯಿಂದ ಮೆಲ್ಲಗೆ ಸುತ್ತುತ್ತಾ ಹಚ್ಚಿ. ಜಾರು ಜಾರಾಗಿರುವ ರಸ ಹೋಗಬೇಕು, ಇಲ್ಲದಿದ್ದರೆ ಅದೇ ಒಣಗಿ ದಪ್ಪ ಹಕ್ಕಳೆ ಆಗುತ್ತೆ. ಸ್ಕ್ರಬ್, ನಾರು, ಕಡಲೆಹಿಟ್ಟು ಯಾವುದೂ ಬೇಡ. ತೊಳೆದು ಟಿಶ್ಯೂ ಪೇಪರ್‌ನಿಂದ ಒತ್ತಿ ಒತ್ತಿ ಒರೆಸಿ. ಬಾತ್‌ರೂಮಲ್ಲಿ ಎಲ್ಲರೂ ಬಳಸುವ ಟವೆಲ್ ಮುಟ್ಟಿಸಲೇಬೇಡಿ. ಹತ್ತು ನಿಮಿಷ ಗಾಳಿಗೆ ಬಿಡಿ. ದಿನಕ್ಕೆ ಎರಡು ಸಲ, ಬೆವರಿದ ದಿನ ಮೂರು ಸಲ ಸಾಕು.

ನಮ್ಮ ಜಿಲ್ಲೆಯಲ್ಲಿ ನೀರಿನ ಮಾತು ಬೇರೆಯೇ ಹೇಳಬೇಕು. ಸಾವಿರ ಅಡಿಗೂ ಕೆಳಗಿಂದ ಬರುವ ಬೋರ್‌ವೆಲ್ ನೀರು ಗಡಸು. ಬಕೆಟ್ಟಿಗೆ ಬಿಳಿ ಪಟ್ಟೆ ಕಟ್ಟುತ್ತಲ್ಲ, ಅದೇ. ಸೋಪು ನೊರೆ ಬರಲ್ಲ, ತೊಳೆದ ಮೇಲೂ ಜಿಡ್ಡಿನ ಪೊರೆ ಉಳಿಯುತ್ತೆ, ಚರ್ಮ ಬಿಗಿದು ನವೆ ಜಾಸ್ತಿಯಾಗುತ್ತೆ. ಇನ್ನು ಟ್ಯಾಂಕರ್ ನೀರು ಸಂಪಿಗೆ, ಸಂಪಿಂದ ಮೇಲಿನ ಟ್ಯಾಂಕಿಗೆ, ಆ ಟ್ಯಾಂಕು ತೊಳೆದು ಎಷ್ಟು ವರ್ಷ ಆಯ್ತೋ. ನಿಂತ ನೀರಲ್ಲಿ ಸ್ಯೂಡೋಮೊನಾಸ್ ಅನ್ನುವ ಕ್ರಿಮಿ ಆರಾಮವಾಗಿ ಬದುಕುತ್ತೆ. ಕಿವಿಯ ಎಳೆಮೂಳೆಯನ್ನು ಹಾಳುಮಾಡುವುದರಲ್ಲಿ ಮುಖ್ಯವಾದದ್ದು ಇದೇ. ಅದಕ್ಕೆ ಮೊದಲ ವಾರ ಒಂದು ಚೊಂಬು ನೀರು ಚೆನ್ನಾಗಿ ಕುದಿಸಿ, ಮುಚ್ಚಿಟ್ಟು ಆರಿಸಿ ಬಳಸಿ. ಶುದ್ಧ ನೀರಿನ ಘಟಕದ ಕ್ಯಾನ್ ನೀರು ಗಡಸಿಲ್ಲ, ಅದನ್ನೇ ಕುದಿಸಿದರೆ ಇನ್ನೂ ಒಳ್ಳೆಯದು. ಸ್ನಾನವನ್ನು ಬೇಗ ಮುಗಿಸಿ. ತಲೆಗೆ ಎಣ್ಣೆ ಸೀಗೆಕಾಯಿ ಹಾಕುವ ದಿನ ಅದರ ನೀರು ಟ್ಯಾಟೂ ಮೇಲೋ ಕಿವಿ ಮೇಲೋ ಹರಿದರೆ ಕೊನೆಗೆ ಶುದ್ಧ ನೀರಿಂದ ಮತ್ತೆ ತೊಳೆಯಿರಿ.

ಒರೆಸಿದ ಮೇಲೆ ಟ್ಯಾಟೂಗೆ ವಾಸನೆ ಇಲ್ಲದ ಮಾಯಿಶ್ಚರೈಸರ್. ಅಂಗೈ ಅಗಲದ ಟ್ಯಾಟೂಗೆ ಹೆಸರುಕಾಳಿನಷ್ಟು ಸಾಕು. ಹಚ್ಚಿದ ಮೇಲೆ ಚರ್ಮ ಮಿರುಗಬಾರದು, ಮಿರುಗಿದರೆ ಜಾಸ್ತಿಯಾಯಿತು ಅಂತ ಅರ್ಥ, ಟಿಶ್ಯೂನಿಂದ ಒತ್ತಿ ತೆಗೆಯಿರಿ. ಪೆಟ್ರೋಲಿಯಂ ಜೆಲ್ಲಿ ಮೆತ್ತಿದರೆ ಗಾಳಿಯಾಡದೆ ಹಕ್ಕಳೆ ಮೆದುವಾಗಿ ಬಣ್ಣದ ಸಮೇತ ಏಳುತ್ತೆ. ಮೆಡಿಕಲ್ ಶಾಪಿನವರು ಕೊಡುವ ಸ್ಟಿರಾಯ್ಡ್ ಬೆರೆತ ಕ್ರೀಮ್ ಡಾಕ್ಟರ್ ಹೇಳದೆ ಹಚ್ಚಬೇಡಿ. ಕೆಂಪು ಕಡಿಮೆಯಾದ ಹಾಗೆ ಕಾಣುತ್ತೆ, ಒಳಗೆ ಗಾಯ ಮಾಯೋದು ನಿಧಾನ ಆಗುತ್ತೆ, ನಂಜಿದ್ದರೆ ಮರೆಯಾಗಿ ಬೆಳೆಯುತ್ತೆ.

ದಿನಗಳು ಕಳೆದ ಹಾಗೆ

ಮೊದಲ ಮೂರು ದಿನ ಬಿಸಿಲಿಗೆ ಸುಟ್ಟ ಹಾಗೆ ಉರಿ, ಸ್ವಲ್ಪ ಊತ, ನೀರಿನಂಥ ರಸ. ಇದು ಸಹಜ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ನಾಲ್ಕೈದನೇ ದಿನದಿಂದ ಚರ್ಮ ಬಿಗಿಯುತ್ತೆ, ಆಮೇಲೆ ಸಿಪ್ಪೆ ಏಳುತ್ತೆ. ಈರುಳ್ಳಿಯ ಒಳಪೊರೆಯಂಥ ತೆಳು ಚೂರುಗಳು, ಕೆಲವು ಬಿಳಿ, ಕೆಲವು ನಿಮ್ಮ ಟ್ಯಾಟೂವಿನದೇ ಬಣ್ಣ. ಬಣ್ಣದ ಚೂರು ನೋಡಿ ಟ್ಯಾಟೂವೇ ಹೋಯಿತು ಅಂತ ನಾನೂ ಹೆದರಿದ್ದೆ. ಹೋಗಲ್ಲ. ತಾನಾಗಿ ಉದುರುವ ಪೊರೆಯಲ್ಲಿ ಇರುವುದು ಮೇಲ್ಪದರದ ಬಣ್ಣ ಮಾತ್ರ.

ನವೆ ಶುರುವಾಗೋದೂ ಇದೇ ಹೊತ್ತಿಗೆ, ಎಂಟರಿಂದ ಹನ್ನೆರಡನೇ ದಿನದವರೆಗೆ ಸಹಿಸೋಕೆ ಆಗಲ್ಲ ಅನಿಸುತ್ತೆ. ಕೆರೆಯಬೇಡಿ. ಬಟ್ಟೆಯಲ್ಲಿ ಉಜ್ಜಬೇಡಿ. ಶುದ್ಧ ಕೈಯಿಂದ ಅಂಗೈ ಅಗಲಿಸಿ ಮೆಲ್ಲಗೆ ತಟ್ಟಿ, ಅಥವಾ ತಣ್ಣೀರಲ್ಲಿ ಅದ್ದಿ ಹಿಂಡಿದ ಶುದ್ಧ ಬಟ್ಟೆ ಎರಡು ನಿಮಿಷ ಇಡಿ. ಉಗುರು ಕತ್ತರಿಸಿಕೊಂಡುಬಿಡಿ, ನಿದ್ದೆಯಲ್ಲಿ ಕೆರೆದುಕೊಳ್ಳುವವರಿಗೆ ಇದೇ ದೊಡ್ಡ ಉಪಾಯ.

ಎರಡರಿಂದ ನಾಲ್ಕು ವಾರಕ್ಕೆ ಮೇಲ್ಭಾಗ ಮುಚ್ಚುತ್ತೆ. ಆಗ ಟ್ಯಾಟೂ ಮಂಕಾಗಿ, ಹಾಲಿನ ಕೆನೆ ಕಟ್ಟಿದ ಹಾಗೆ ಕಾಣುತ್ತೆ. ಅದು ಹೊಸ ಚರ್ಮ ಇನ್ನೂ ಪಳಗದ ಲಕ್ಷಣ, ಕೆಲವು ವಾರದಲ್ಲಿ ತಿಳಿಯಾಗುತ್ತೆ. ಒಳಗಿನ ಪದರ ಪೂರ್ತಿ ಸುಧಾರಿಸಲು ತಿಂಗಳುಗಳೇ ಬೇಕು. ಎಲ್ಲೋ ಬಣ್ಣ ಬಿಟ್ಟಿದ್ದರೆ ಆರೆಂಟು ವಾರ ಬಿಟ್ಟು ಟಚಪ್‌ಗೆ ಹೋಗಿ, ಅದಕ್ಕೂ ಮುಂಚೆ ಬೇಡ.

ಬಿಸಿಲು, ಕೆರೆ, ದುಡಿಮೆ

ನೇರ ಬಿಸಿಲು ಮೊದಲ ನಾಲ್ಕು ವಾರ ಬೇಡ. ಆಗ ಸನ್‌ಸ್ಕ್ರೀನ್ ಕೂಡ ಹಚ್ಚಬಾರದು, ಸಡಿಲ ತೋಳಿನ ಹತ್ತಿ ಬಟ್ಟೆಯೇ ರಕ್ಷಣೆ. ಮಾಯ್ದ ಮೇಲೆ ಎಸ್‌ಪಿಎಫ್ 30 ಅಥವಾ 50ರದ್ದು ಹಚ್ಚಿ, ಬಿಸಿಲು ಬಣ್ಣವನ್ನು ನಿಧಾನವಾಗಿ ತಿನ್ನುತ್ತೆ.

ಈಜು ಬೇಡ. ಬಾವಿ, ಕಲ್ಲು ಕ್ವಾರಿ, ಸ್ವಿಮ್ಮಿಂಗ್ ಪೂಲ್ ಯಾವುದೂ ಒಂದು ತಿಂಗಳು ಬೇಡ, ಚುಚ್ಚಿಸಿಕೊಂಡವರಿಗೆ ಇನ್ನೂ ಜಾಸ್ತಿ ದಿನ. ನಮ್ಮ ಎಷ್ಟೋ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬರುತ್ತಿರುವುದು ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಸಂಸ್ಕರಿಸಿದ ನೀರು. ಅಂತರ್ಜಲಕ್ಕೆ ಅಂತ ತುಂಬಿಸುತ್ತಿರುವ ನೀರು ಅದು, ಹಸಿ ಗಾಯ ಅದ್ದುವ ನೀರಲ್ಲ. ಅಂತರಗಂಗೆಗೆ ಹೋದರೂ ಬಸವನ ಬಾಯಿಯ ನೀರನ್ನು ತಲೆಗೆ ಪ್ರೋಕ್ಷಣೆ ಮಾಡಿಕೊಳ್ಳಿ, ಕಲ್ಯಾಣಿಗೆ ಇಳಿಯಬೇಡಿ.

ಎಪಿಎಂಸಿ ಮಾರ್ಕೆಟ್‌ನಲ್ಲಿ ಟೊಮೆಟೊ ಕ್ರೇಟ್ ಹೊರುವವರು, ರೇಷ್ಮೆ ಹುಳು ಸಾಕುವವರು, ದ್ರಾಕ್ಷಿಗೆ ಔಷಧಿ ಹೊಡೆಯುವವರು, ಹಸು ಕರೆಯುವವರು, ನೀವೆಲ್ಲ ವಾರ ಹತ್ತು ದಿನ ರಜೆ ಹಾಕಿ ಕೂರೋಕೆ ಆಗಲ್ಲ, ನನಗೆ ಗೊತ್ತು. ಹಾಗಾಗಿ ಕೆಲಸ ಕಡಿಮೆ ಇರುವ ವಾರ ನೋಡಿ ಹಾಕಿಸಿಕೊಳ್ಳಿ. ಕೆಲಸಕ್ಕೆ ಹೋಗುವಾಗ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯನ್ನು ಸಡಿಲವಾಗಿ ಸುತ್ತಿ, ಬಂದ ತಕ್ಷಣ ಬಿಚ್ಚಿ ತೊಳೆಯಿರಿ. ಕೊಟ್ಟಿಗೆಯಲ್ಲಿ ಮಾತ್ರ ಬರೀ ತೋಳಲ್ಲಿ ಕೂರಬೇಡಿ, ಧನುರ್ವಾಯು ತರುವ ಕ್ರಿಮಿ ಸಗಣಿ ಬೆರೆತ ಮಣ್ಣಲ್ಲಿ ಇರುತ್ತೆ.

ಕಿವಿ, ಮೂಗು, ಹೊಕ್ಕುಳು

ಎಷ್ಟು ದಿನ ಬೇಕು ಅನ್ನೋದನ್ನು ಎಲ್ಲರೂ ಕಡಿಮೆ ಅಂದುಕೊಳ್ಳುತ್ತಾರೆ. ಕಿವಿಯ ಹಾಲೆಗೆ 6ರಿಂದ 8 ವಾರ. ಮೂಗಿಗೆ 4ರಿಂದ 6 ತಿಂಗಳು. ಕಿವಿಯ ಮೇಲ್ಭಾಗ, ಹೊಕ್ಕುಳು ಆರು ತಿಂಗಳಿಂದ ಒಂದು ವರ್ಷ. ಎಳೆಮೂಳೆಗೆ ಸ್ವಂತ ರಕ್ತನಾಳ ಇಲ್ಲ, ಸುತ್ತಲ ಪೊರೆಯಿಂದಲೇ ಪೋಷಣೆ ಸಿಗಬೇಕು, ಅದಕ್ಕೇ ಅಷ್ಟು ನಿಧಾನ.

ತೊಳೆಯಲು ಮೆಡಿಕಲ್ ಶಾಪಿನಲ್ಲಿ ನಾರ್ಮಲ್ ಸಲೈನ್ ಕೇಳಿ, 0.9 ಶೇಕಡಾ ಉಪ್ಪಿನ ನೀರು, 100 ಎಂ.ಎಲ್. ಬಾಟಲಿ. ದೊಡ್ಡದು ತರಬೇಡಿ. ಒಡೆದ ಮೇಲೆ ಅದರಲ್ಲಿ ಕೆಡದಂತೆ ಕಾಯುವ ವಸ್ತು ಏನೂ ಇಲ್ಲ, ಒಂದು ದಿನದಲ್ಲಿ ಮುಗಿಸಬೇಕು. ಮನೆಯಲ್ಲೇ ಉಪ್ಪು ಕಲಸಿದರೆ ಸಾಮಾನ್ಯವಾಗಿ ಜಾಸ್ತಿಯಾಗಿ ಚರ್ಮ ಒಡೆಯುತ್ತೆ. ಕೈ ತೊಳೆದು, ಗಾಜ್ ಬಟ್ಟೆಯನ್ನು ಸಲೈನ್‌ನಲ್ಲಿ ನೆನೆಸಿ, ತೂತಿನ ಮುಂದೆ ಹಿಂದೆ ಎರಡು ನಿಮಿಷ ಇಡಿ. ಓಲೆಯ ಸುತ್ತ ಕಟ್ಟಿದ ಹಳದಿ ಹರಳು ಮೆತ್ತಗಾಗಿ ತಾನೇ ಬರುತ್ತೆ. ಹತ್ತಿ ಬೇಡ, ಎಳೆ ಸಿಕ್ಕಿಕೊಳ್ಳುತ್ತೆ. ಒರೆಸಿ ಒಣಗಿಸಿ. ದಿನಕ್ಕೆ ಎರಡು ಸಲ. ಮಿಕ್ಕ ಹೊತ್ತಲ್ಲಿ ಮುಟ್ಟಬೇಡಿ, ಕನ್ನಡಿ ಮುಂದೆ ನಿಂತು ಸರಿಮಾಡಬೇಡಿ.

ಅರಿಶಿನದ ಬಗ್ಗೆ ಅಮ್ಮಂದಿರ ಜೊತೆ ಜಗಳ ಬೇಡ, ವಿವರಿಸಿ ಹೇಳಿ. ಅರಿಶಿನಕ್ಕೆ ಗುಣ ಇಲ್ಲ ಅಂತಲ್ಲ. ಸಾಂಬಾರ್ ಡಬ್ಬಿಯಲ್ಲಿ, ಎಷ್ಟೋ ಚಮಚ ಆಡಿದ ಪುಡಿ ಶುದ್ಧವಲ್ಲ, ಅದರ ಕಣ ತೂತೊಳಗೆ ಕೂತು ರಸ ಹೊರಬರುವ ದಾರಿ ಮುಚ್ಚುತ್ತೆ. ಎಣ್ಣೆಯೂ ಹಾಗೇ. ಬೇವಿನ ಕಡ್ಡಿ, ಪೊರಕೆ ಕಡ್ಡಿ ತೂರಿಸೋದಂತೂ ಬೇಡವೇ ಬೇಡ, ಒಳಗಿನ ಎಳೆ ಚರ್ಮಕ್ಕೆ ಅದು ಗರಗಸ. ಡೆಟಾಲ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಕ್ರಿಮಿಯ ಜೊತೆ ಹೊಸ ಚರ್ಮವನ್ನೂ ಸುಡುತ್ತವೆ. ನಂಜಿನ ಪದಾರ್ಥ ಅಂತ ಬದನೆಕಾಯಿ, ಮೊಟ್ಟೆ ಬಿಡಿಸುತ್ತಾರಲ್ವಾ, ಬಿಡಬೇಕಿಲ್ಲ. ಗಾಯ ಮಾಯೋಕೆ ಪ್ರೋಟೀನ್ ಬೇಕು. ಮುದ್ದೆ, ಮೊಳಕೆಕಾಳಿನ ಸಾರು, ಮೊಟ್ಟೆ, ಎಲ್ಲ ಚೆನ್ನಾಗಿ ತಿನ್ನಿ.

ದಿನನಿತ್ಯದ ಶತ್ರುಗಳು ಸಣ್ಣವು. ಹೆಲ್ಮೆಟ್ ಹಾಕುವಾಗ ಎರಡೂ ಕಡೆ ಅಗಲಿಸಿ ನೇರ ಇಳಿಸಿ, ಒಳಗಿನ ಬಟ್ಟೆ ಆಗಾಗ ಒಗೆಯಿರಿ. ಮೂಗು ಚುಚ್ಚಿಸಿದವರು ಚೂಡಿದಾರ್ ತಲೆಯ ಮೇಲಿಂದ ತೆಗೆಯುವಾಗ ಕುತ್ತಿಗೆಯ ಹತ್ತಿರ ಕೈಯಿಟ್ಟು ಬಟ್ಟೆ ದೂರ ಹಿಡಿಯಿರಿ, ಸಿಕ್ಕಿಕೊಂಡು ಹರಿಯೋದು ಬಹುಪಾಲು ಆಗಲೇ. ಮಲಗಲು ಪ್ರಯಾಣಕ್ಕೆ ಬಳಸುವ ಕುತ್ತಿಗೆ ದಿಂಬು ತಗೊಂಡು ಕಿವಿ ಅದರ ನಡುವಿನ ಖಾಲಿ ಜಾಗಕ್ಕೆ ಬರುವ ಹಾಗೆ ಮಲಗಿ. ಫೋನನ್ನು ಇನ್ನೊಂದು ಕಿವಿಗೆ ಹಿಡಿಯಿರಿ.

ಮದುಮಗಳು ಆಗುವವರಿಗೆ ಒಂದು ಮಾತು. ಮದುವೆಗೆ ಇಪ್ಪತ್ತು ದಿನ ಇರುವಾಗ ಮೂಗು ಚುಚ್ಚಿಸಿ, ಮುಹೂರ್ತದ ದಿನ ಭಾರದ ಮೂಗುತಿ ತುರುಕಿಸಿಕೊಂಡು, ಆರತಕ್ಷತೆ ಹೊತ್ತಿಗೆ ಮೂಗು ಊದಿ ಕಣ್ಣೀರು ಹಾಕಿದವರನ್ನು ನೋಡಿದ್ದೇನೆ. ಆರು ತಿಂಗಳು ಮುಂಚೆಯೇ ಚುಚ್ಚಿಸಿ. ಆಗಲಿಲ್ಲ ಅಂದರೆ ಒತ್ತಿ ಸಿಕ್ಕಿಸುವ ಮೂಗುತಿ ಬರುತ್ತೆ, ಅದೇ ಸಾಕು. ಅರಿಶಿನ ಶಾಸ್ತ್ರದಲ್ಲೂ ಮೂಗಿನ ಹತ್ತಿರ ಹಚ್ಚಬೇಡಿ ಅಂತ ಅಕ್ಕತಂಗಿಯರಿಗೆ ಮೊದಲೇ ಹೇಳಿಡಿ.

ಯಾವಾಗ ಡಾಕ್ಟರ್ ಹತ್ತಿರ ಓಡಬೇಕು

ಮೂರು ದಿನ ದಾಟಿದ ಮೇಲೂ ಕೆಂಪು ಹರಡುತ್ತಲೇ ಇದ್ದರೆ, ಮುಟ್ಟಿದರೆ ಬಿಸಿ, ಹಸಿರು ಅಥವಾ ಹಳದಿ ಕೀವು, ಕೆಟ್ಟ ವಾಸನೆ, ಚಳಿ ಜ್ವರ, ಗಾಯದಿಂದ ಮೇಲಕ್ಕೆ ಕೆಂಪು ಗೆರೆ. ಇವುಗಳಲ್ಲಿ ಒಂದು ಕಂಡರೂ ಅವತ್ತೇ ಹೋಗಿ. ಕೆಂಪಿನ ಅಂಚಿಗೆ ಪೆನ್ನಲ್ಲಿ ಗೆರೆ ಹಾಕಿ ನಾಲ್ಕು ಗಂಟೆ ಬಿಟ್ಟು ನೋಡಿ, ಗೆರೆ ದಾಟಿದ್ದರೆ ಹರಡುತ್ತಿದೆ ಅಂತ ಖಚಿತ. ಜ್ವರವೋ ಮೇಲಕ್ಕೆ ಕೆಂಪು ಗೆರೆಯೋ ಇದ್ದರೆ ಅಷ್ಟೂ ಕಾಯಬೇಡಿ. ಕೋಲಾರದಲ್ಲಿ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಇದೆ, ನಾಚಿಕೆಪಟ್ಟು ಮನೆಯಲ್ಲಿ ಕೂರಬೇಡಿ.

ಕಿವಿಯ ಮೇಲ್ಭಾಗ ಊದಿದರೆ ಒಂದು ರಾತ್ರಿಯೂ ಕಾಯಬೇಡಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಅಮಾಕ್ಸಿಸಿಲಿನ್‌ಗೆ ಸ್ಯೂಡೋಮೊನಾಸ್ ಬಗ್ಗಲ್ಲ, ಅದನ್ನು ನುಂಗುತ್ತಾ ಕಾಯುವ ದಿನಗಳಲ್ಲಿ ಎಳೆಮೂಳೆ ಕರಗಿಹೋಗಬಹುದು. ನಂಜಾಗಿದೆ ಅಂತ ಓಲೆಯನ್ನು ನೀವೇ ಬಿಚ್ಚಬೇಡಿ. ಹೊರಗಿನ ತೂತು ಮುಚ್ಚಿಕೊಂಡು ಕೀವು ಒಳಗೇ ಸಿಕ್ಕಿಬೀಳುತ್ತೆ. ಬಿಚ್ಚಬೇಕೋ ಬೇಡವೋ ಡಾಕ್ಟರ್ ಹೇಳಲಿ.

ತೂತಿನ ಪಕ್ಕ ಸಣ್ಣ ಗುಳ್ಳೆ ಎದ್ದರೆ ಬಹುಪಾಲು ಅದು ಒತ್ತಡದಿಂದ, ತಾಗಿಸಿಕೊಂಡದ್ದರಿಂದ ಬಂದದ್ದು, ಸುಮ್ನೆ ಬಿಟ್ಟರೆ ಇಳಿಯುತ್ತೆ. ತೂತಿನ ಗಡಿ ದಾಟಿ ಗಟ್ಟಿಯಾಗಿ ಬೆಳೆಯುತ್ತಲೇ ಹೋದರೆ ಅದು ಕೀಲಾಯ್ಡ್. ಮನೆಯಲ್ಲಿ ಯಾರಿಗಾದರೂ ಹಳೆ ಗಾಯದ ಮೇಲೆ ಹಾಗೆ ಮಾಂಸ ಬೆಳೆದಿದ್ದರೆ ನೀವು ಎಳೆಮೂಳೆಗೆ ಚುಚ್ಚಿಸಿಕೊಳ್ಳದಿರುವುದೇ ಒಳ್ಳೆಯದು. ಟ್ಯಾಟೂವಿನಲ್ಲಿ ಕೆಂಪು ಬಣ್ಣದ ಜಾಗ ಮಾತ್ರ ತಿಂಗಳುಗಳಾದರೂ ಉಬ್ಬಿ ತುರಿಸುತ್ತಿದ್ದರೆ ಅದು ಆ ಬಣ್ಣದ ಅಲರ್ಜಿ ಇರಬಹುದು, ಚರ್ಮದ ಡಾಕ್ಟರಿಗೆ ತೋರಿಸಿ.

ಇನ್ನೊಂದು. ಟ್ಯಾಟೂ ಆಗಲಿ ಚುಚ್ಚಿಸಿಕೊಂಡದ್ದಾಗಲಿ, ಅಲ್ಲಿಂದ 12 ತಿಂಗಳು ರಕ್ತದಾನ ಮಾಡುವ ಹಾಗಿಲ್ಲ. ಕಾಲೇಜಿನ ಶಿಬಿರದಲ್ಲಿ ಕೇಳದಿದ್ದರೂ ನೀವಾಗೇ ಹೇಳಿ, ತಾರೀಕು ಫೋನಲ್ಲಿ ಬರೆದಿಟ್ಟುಕೊಳ್ಳಿ.